ದಾನವೂ ಋಣವೂ

ಅನ್ಯಾಯದಿಂದ ಗಳಿಸಿದ ಐಶ್ವರ್ಯದಲ್ಲಿ ಒಂದು ಭಾಗವನ್ನು ಲೋಕಹಿತಕ್ಕಾಗಿ ವ್ಯಯಮಾಡಿದ ಮಾತ್ರಕ್ಕೆ ಆ ಅನ್ಯಾಯವು ಪರಿಹಾರವಾಯಿತೆಂದು ಭಾವಿಸಬಹುದೇ ಎಂಬ ಪ್ರಶ್ನೆಯು ಮಹಾನಗರಗಳ ಕೋಟ್ಯಧಿಪತಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಜವನಗೊಂಡನಹಳ್ಳಿಯಂತಹ, ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಬಯಲುಸೀಮೆಯ ಊರಿನಲ್ಲಿ ನಿಂತು ಕೇಳಿದಾಗ ಅದರ ಭಾರವು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಶಾಲೆಗೊಂದು ಕೊಠಡಿಯನ್ನೋ ಗುಡಿಗೊಂದು ಗೋಪುರವನ್ನೋ ಜಾತ್ರೆಗೊಂದು ಅನ್ನಸಂತರ್ಪಣೆಯನ್ನೋ ಒದಗಿಸಿದವನು ಇಂತಹ ಊರುಗಳಲ್ಲಿ ದೊಡ್ಡವನೆನಿಸಿಕೊಳ್ಳುತ್ತಾನೆ; ಆ ಹಣವು ಎಲ್ಲಿಂದ ಬಂದಿತೆಂದು ಕೇಳುವವನು ಕೃತಘ್ನನೆನಿಸಿಕೊಳ್ಳುತ್ತಾನೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಬೆಟ್ಟಗಳಲ್ಲಿ ಕಬ್ಬಿಣದ ಅದಿರುಂಟು. ಅದಿರಿನ ಬೆಲೆ ಏರಿದ ಕಾಲದಲ್ಲಿ ಲಾರಿಗಳ ಧೂಳು ಅಡಿಕೆಯ ತೋಟಗಳ ಮೇಲೆಯೂ ಬೆಳೆಗಳ ಮೇಲೆಯೂ ಕವಿದುದನ್ನು ಇಲ್ಲಿಯ ರೈತರು ಬಲ್ಲರು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಿದ್ದಿತು; ಸರ್ವೋಚ್ಚ ನ್ಯಾಯಾಲಯವು ಮೊದಲು ಬಳ್ಳಾರಿಯಲ್ಲಿಯೂ, ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಇದಕ್ಕೆ ಎರಡು ವರ್ಷ ಮೊದಲು, 2009ರಲ್ಲಿ, ಬಳ್ಳಾರಿಯ ಗಣಿ ಉದ್ಯಮಿಯೂ ಆಗಿನ ಸಚಿವರೂ ಆಗಿದ್ದ ಗಾಲಿ ಜನಾರ್ದನ ರೆಡ್ಡಿಯವರು ತಿರುಮಲೆಯ ವೆಂಕಟೇಶ್ವರನಿಗೆ, ನಲವತ್ತು ಕೋಟಿ ರೂಪಾಯಿಗೂ ಮಿಕ್ಕ ಬೆಲೆಯದೆಂದು ವರದಿಯಾದ ವಜ್ರಖಚಿತ ಕಿರೀಟವನ್ನು ಅರ್ಪಿಸಿದ್ದರು. 2011ರ ಸೆಪ್ಟೆಂಬರಿನಲ್ಲಿ ಅಕ್ರಮ ಗಣಿಗಾರಿಕೆಯ ಆರೋಪದ ಮೇಲೆ ಅವರ ಬಂಧನವಾಯಿತು. ಅವರ ಅಪರಾಧ ನಿರಪರಾಧಗಳ ವಿಚಾರಣೆ ನ್ಯಾಯಾಲಯಗಳಿಗೆ ಸೇರಿದ್ದು. ನಮ್ಮ ವಿಚಾರಕ್ಕೆ ಸೇರಿದ್ದು ಇಷ್ಟು: ಬೆಟ್ಟವನ್ನು ಅಗೆದದ್ದರಿಂದ ಯಾವ ಒಕ್ಕಲಿಗನ ಬಾವಿ ಬತ್ತಿತೋ ಅವನಿಗೆ, ಗಣಿಯ ಧಣಿ ಯಾರೇ ಆಗಿರಲಿ, ದೇವರ ತಲೆಯ ಮೇಲಣ ಕಿರೀಟದಿಂದ ಬಾವಿಯ ನೀರು ಮರಳಿ ಬಾರದು.

ಪಶ್ಚಿಮದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಧನಿಕನಾಗಿ ಸಾಯುವುದು ಅಪಕೀರ್ತಿಯೆಂದು 1889ರಲ್ಲಿ ಬರೆದ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯು ಎರಡು ಸಾವಿರದ ಐನೂರಕ್ಕೂ ಮೇಲ್ಪಟ್ಟ ಗ್ರಂಥಾಲಯಗಳಿಗೆ ಹಣವಿತ್ತನು. ಆದರೆ 1892ರಲ್ಲಿ ಅವನ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಸಂಘವನ್ನು ಮುರಿಯಲು ಶಸ್ತ್ರಧಾರಿ ಕಾವಲುಗಾರರನ್ನು ಕರೆಸಲಾಯಿತು. ಉಭಯ ಪಕ್ಷಗಳಲ್ಲಿಯೂ ಪ್ರಾಣಹಾನಿಯಾಯಿತು. ಆರು ವರ್ಷಗಳ ತರುವಾಯ ಆ ಊರಿನಲ್ಲಿಯೇ ಅವನು ಗ್ರಂಥಾಲಯವನ್ನು ತೆರೆಸಿದನು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೇಯುವವನಿಗೆ ಓದಲು ಬೇಕಾದುದು ಗ್ರಂಥವಷ್ಟೇ ಅಲ್ಲ, ವಿರಾಮವೂ ಹೌದು. ಆ ವಿರಾಮವನ್ನು ಕಿತ್ತುಕೊಂಡ ಕೈಯೇ ಗ್ರಂಥವನ್ನು ನೀಡಿತು.

ಇದಕ್ಕೆ ಪ್ರತಿಯಾಗಿ ಹೇಳುವ ಮಾತೊಂದುಂಟು, ಅದನ್ನು ಲಘುವಾಗಿ ಕಾಣಲಾಗದು. ಹಸಿದ ಮಗುವು ಅನ್ನದ ಮೂಲವನ್ನು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಉಳಿದ ಜೀವವು ದಾತೃವಿನ ಚರಿತ್ರೆಯಿಂದ ಕಡಮೆಯಾಗುವುದಿಲ್ಲ. ಇದು ಸತ್ಯ. ಆದರೆ ಇದರಿಂದ ಸಿದ್ಧವಾಗುವುದು ದಾನವು ಉಪಯುಕ್ತವೆಂಬುದೇ ಹೊರತು ದಾನಿಯು ಋಣಮುಕ್ತನೆಂಬುದಲ್ಲ. ಒಬ್ಬನ ಸಾಲವನ್ನು ಇನ್ನೊಬ್ಬನಿಗೆ ಉಡುಗೊರೆಯಿತ್ತು ತೀರಿಸಲು ಬರುವುದಿಲ್ಲ. ನೊಂದವನಿಗಲ್ಲದೆ ಬೇರೊಬ್ಬನಿಗೆ ಕ್ಷಮಿಸುವ ಅಧಿಕಾರವಿಲ್ಲ. ಮೇಲಾಗಿ, ಯಾರಿಗೆ, ಎಷ್ಟು, ಯಾವಾಗ ಕೊಡಬೇಕೆಂಬುದನ್ನು ದಾನದಲ್ಲಿ ಕೊಡುವವನೇ ನಿಶ್ಚಯಿಸುತ್ತಾನೆ. ನ್ಯಾಯದಲ್ಲಾದರೋ ಅದನ್ನು ನಿಶ್ಚಯಿಸುವುದು ಪಡೆಯಬೇಕಾದವನ ಹಕ್ಕು.

ಕನ್ನಡನಾಡಿನ ಶರಣರು ಈ ವಿವೇಕವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡಿದ್ದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬುದು ಪರಂಪರೆಯ ಕಥೆ. ಹೆಚ್ಚು ಅಕ್ಕಿಯಿಂದ ಹೆಚ್ಚು ಜಂಗಮರಿಗೆ ಉಣಬಡಿಸಬಹುದಿತ್ತಲ್ಲವೆ ಎಂಬ ಲೆಕ್ಕಾಚಾರವನ್ನು ಆಕೆ ಒಪ್ಪಲಿಲ್ಲ. ಗಳಿಕೆಯ ಶುದ್ಧಿಯೇ ದಾಸೋಹದ ಪ್ರಥಮ ನಿಯಮವೆಂದು ಆ ಬಡ ಹೆಂಗಸು ತಿಳಿದಿದ್ದಳು.

ಇಂದಿನ ಶಾಸನಗಳೂ ಅಲ್ಪಸ್ವಲ್ಪ ಅದೇ ದಿಕ್ಕಿಗೆ ಹೊರಳಿವೆ. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ವಿಧಿಸಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯ ತರುವಾಯ ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇಕಡ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸತಕ್ಕದ್ದು. ಆ ಹಣದಿಂದ ಕಟ್ಟಿದ ಶಾಲೆಗೆ ಯಾವ ಧಣಿಯ ಔದಾರ್ಯವನ್ನೂ ಕೊಂಡಾಡಬೇಕಾದುದಿಲ್ಲ. 1907ರಲ್ಲಿ ಮೈಸೂರು ಸಂಸ್ಥಾನವು ಮಾರಿಕಣಿವೆಯಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ನೀರನ್ನು ಹಿರಿಯೂರಿನ ರೈತನು ಹಕ್ಕಿನಿಂದ ಹಾಯಿಸಿಕೊಳ್ಳುವಂತೆ, ಇದನ್ನೂ ಹಕ್ಕಿನಿಂದಲೇ ಪಡೆಯತಕ್ಕದ್ದು.

ಆದಕಾರಣ, ಸಿರಿವಂತರ ದಾನವನ್ನು ನಿರಾಕರಿಸಿರೆಂದು ನಾನು ಹೇಳಲಾರೆ. ಬರಗಾಲದ ಸೀಮೆಗೆ ಅಂತಹ ಹಟವು ಶೋಭಿಸದು. ಆದರೆ ಹಾರ ಹಾಕುವ ಮೊದಲು ಲೆಕ್ಕವನ್ನು ಕೇಳೋಣ: ಕೂಲಿಯಾಳಿಗೆ ಸಲ್ಲಬೇಕಾದ ಕೂಲಿ ಸಂದಿತೆ, ಕೆಟ್ಟ ನೆಲವನ್ನು ಸರಿಪಡಿಸಿದುದಾಯಿತೆ, ತೆರಿಗೆ ಪೂರ್ತಿಯಾಗಿ ಕಟ್ಟಿದುದಾಯಿತೆ? ಇವೆಲ್ಲಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಕೊಡುವುದು ಮಾತ್ರ ದಾನ. ಅದಕ್ಕೆ ಮುನ್ನ ಕೊಡುವುದೆಲ್ಲವೂ, ಎಷ್ಟು ಕೋಟಿಯದಾದರೂ, ಸಾಲದ ಬಾಬ್ತಿನ ಒಂದು ಕಂತು. ಅದನ್ನು ಹಾಗೆಂದೇ ಬರೆದುಕೊಂಡು ಉಳಿದ ಬಾಕಿಯನ್ನು ಕೇಳುವುದು ನಮ್ಮ ಕರ್ತವ್ಯ.