ಇಂದಿನ ಚಿಂತನೆ: ಹೊಸ್ತಿಲ ಹೊರಗೆ ಕೂತವರು



ಬೆಂಗಳೂರಿನಲ್ಲಿ 1970ರಲ್ಲಿ ಶುರುವಾದ ಆಶಾ ನಿಕೇತನಕ್ಕೆ ಹೊರದೇಶದ ಕ್ರೈಸ್ತ ತರುಣರು ಬಂದು, ಬೌದ್ಧಿಕ ಅಂಗವಿಕಲರೊಂದಿಗೆ ಒಂದೇ ಮನೆಯಲ್ಲಿ ಉಂಡು ಬಾಳಿದರು. ‘ಅದೆಲ್ಲ ದೇವರನ್ನು ಮೆಚ್ಚಿಸಲು’ ಎಂದು ನಾನು ಹಗುರವಾಗಿ ಆಡಿದ್ದೆ.

ಕಳೆದ ಭಾನುವಾರ ರಾಣೇಬೆನ್ನೂರಿನ ವಂದನೆಗೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕುವ ತಾಯಿಯೊಬ್ಬರು ಅಂಥದೇ ಮಗನನ್ನು ಕರೆತಂದರು. ಹುಡುಗ ಕೂಗಿದ. ‘ಅಕ್ಕಾರ, ಸ್ವಲ್ಪ ಹೊರಗ ಕುಂದರ್ರಿ’ ಅಂದವನು ನಾನೇ. ನನ್ನಜ್ಜನಿಗೆ ಊರು ಹೇಳಿದ್ದೂ ಅದೇ ಮಾತು.

ಯಾರೂ ನೋಡದ ರೋಗಿ ಭಿಕ್ಖುವನ್ನು ಬುದ್ಧರು ಆನಂದರೊಡನೆ ಸ್ವತಃ ತೊಳೆದು ಮಲಗಿಸಿದರು. ಧಮ್ಮದಲ್ಲಿ ದೇವರ ಜಾಗ ನೀತಿಯದು ಎಂದರು ಬಾಬಾಸಾಹೇಬರು. ಹಾಗಾದರೆ ‘ದೇವರು ನೋಡಿಕೊಳ್ಳಲಿ’ ಎನ್ನುವ ದಾರಿಯೂ ನಮಗಿಲ್ಲ.

ಈ ಭಾನುವಾರ ವಂದನೆ ಹಾವೇರಿಯಲ್ಲಿ. ಅವರನ್ನು ಕರೆತರಲು ನಾನೇ ಬ್ಯಾಡಗಿಗೆ ಹೋಗುತ್ತೇನೆ. ಹುಡುಗ ಕೂಗಿದರೆ ಕೂಗಲಿ, ಮುಂದಿನ ಸಾಲಲ್ಲೇ ಕೂರಲಿ.

ಜೈ ಭೀಮ್.