ಸ್ಥಾವರ, ಜಂಗಮ ಮತ್ತು ಹಳೆಯ ಓಣಿಯ ಹೊಸ ಮನೆಗಳು

ಹಳೆಯ ಊರಿನ ಓಣಿಯೊಳಗೆ ಅಪಾರ್ಟ್‌ಮೆಂಟ್ ಕಟ್ಟುವುದು ಮೇಲ್ನೋಟಕ್ಕೆ ನಗರಸಭೆಯ ಪರವಾನಿಗೆಗೆ ಸಂಬಂಧಿಸಿದ ವ್ಯವಹಾರವೆನಿಸಿದರೂ, ಹಿಂದಿನವರು ಬಿಟ್ಟುಹೋದುದರಲ್ಲಿ ಯಾವುದನ್ನು ಉಳಿಸುವ ಹೊಣೆ ಇಂದಿನವರ ಮೇಲಿದೆ ಎಂಬ ಧರ್ಮಪ್ರಶ್ನೆ ಅದರಲ್ಲಿ ಅಡಗಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಜಿಲ್ಲೆಗೆ ಕೇಂದ್ರವಾದ ಹಾವೇರಿ, 2011ರ ಜನಗಣತಿಯ ವೇಳೆಗೇ ಲಕ್ಷ ಜನಸಂಖ್ಯೆಯನ್ನು ದಾಟಿದ್ದ ರಾಣೇಬೆನ್ನೂರು, ಮೆಣಸಿನಕಾಯಿ ಪೇಟೆಯಿಂದ ಹೆಸರಾದ ಬ್ಯಾಡಗಿ, ಈ ಮೂರೂ ಊರುಗಳು ಬೆಳೆದಂತೆಲ್ಲ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಕಾನೂನು ಕೊಡುವ ಉತ್ತರ ಅಳತೆಯದು. ಸಂರಕ್ಷಿತ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯು ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸುತ್ತದೆ; ಅದರಾಚೆಯ 200 ಮೀಟರಿನಲ್ಲಿ ಅನುಮತಿಯನ್ನು ಕಡ್ಡಾಯಗೊಳಿಸುತ್ತದೆ. ಪೂರ್ವಾಭಿಮುಖದ ರೂಢಿಯನ್ನು ಬಿಟ್ಟು ಪಶ್ಚಿಮಕ್ಕೆ ಮುಖಮಾಡಿ ನಿಂತಿರುವ ಹಾವೇರಿಯ ಪುರಸಿದ್ಧೇಶ್ವರ ದೇವಾಲಯದಂತಹ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗೆ ಇಂತಹ ರಕ್ಷಣೆ ಸಲ್ಲುತ್ತದೆಯಾದರೂ, ಅಳತೆಯ ಆಚೆಗಿರುವ ಓಣಿಗಳನ್ನು ಆ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದೇ ನೆಲದ ಶರಣ ಪರಂಪರೆ ಬೇರೊಂದು ವಿವೇಚನೆಯನ್ನು ಮುಂದಿಡುತ್ತದೆ. ನಿಂತು ಜಡವಾದುದನ್ನು ಸ್ಥಾವರವೆಂದೂ, ಚಲಿಸುವ ಚೈತನ್ಯವನ್ನು ಜಂಗಮವೆಂದೂ ಕರೆದ ಶರಣರು ಎರಡನೆಯದಕ್ಕೆ ಹಿರಿಮೆ ಕೊಟ್ಟರು. ಹಾಗಾದರೆ ಹಳೆಯ ಗೋಡೆಗಳ ಮೇಲಿನ ಮಮತೆಯೂ ಒಂದು ಬಗೆಯ ಸ್ಥಾವರಪೂಜೆಯಲ್ಲವೇ, ಅವುಗಳನ್ನು ಕೆಡವಿ ಹತ್ತಾರು ಸಂಸಾರಗಳಿಗೆ ನೆಲೆ ಕಲ್ಪಿಸುವುದೇ ಜಂಗಮಸೇವೆಯಲ್ಲವೇ ಎಂಬ ಆಕ್ಷೇಪ ಸಹಜವಾಗಿ ಏಳುತ್ತದೆ. ಆದರೆ ಅದೇ ಶರಣರಲ್ಲೊಬ್ಬನಾದ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡಿರುವ, ರಾಣೇಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯವೂ ಉಳಿದುಬಂದಿದೆ ಎಂಬುದನ್ನು ನೆನೆದರೆ, ಸ್ಥಾವರದ ವಿಮರ್ಶೆಯು ಕೆಡವಲು ಕೊಟ್ಟ ಅಪ್ಪಣೆಯಲ್ಲವೆಂಬುದು ತಿಳಿಯುತ್ತದೆ.

ಓಣಿಯಲ್ಲಿ ಜಂಗಮವಾದುದು ಯಾವುದು ಎಂದು ಕೇಳಿದಾಗ ಆಕ್ಷೇಪದ ಬಲ ಕುಗ್ಗುತ್ತದೆ. ಈ ಸೀಮೆಯ ಹಳೆಯ ಮನೆಯ ಮುಂದಿನ ಕಟ್ಟೆ ಮನೆಯವರದಾಗಿದ್ದೂ ದಾರಿಹೋಕರಿಗೆ ಕೂರುವ ತಾವಾಗಿತ್ತು. ಒಳಗೆ ಕಾಲಿಟ್ಟೊಡನೆ ಸಿಗುವ ಪಡಸಾಲೆ, ಎಂದರೆ ಬಂದವರನ್ನು ಕೂರಿಸುವ ಮುಂಭಾಗದ ಅಂಕಣ, ಮನೆಗೂ ಬೀದಿಗೂ ನಡುವಣ ಕೊಂಡಿಯಾಗಿತ್ತು. ಗಳಿಸಿದ್ದನ್ನು ಸಮುದಾಯಕ್ಕೆ ಸಲ್ಲಿಸುವ ದಾಸೋಹದ ತತ್ತ್ವಕ್ಕೆ ಮನೆಗಟ್ಟುವಿಕೆಯಲ್ಲಿ ಸಿಕ್ಕ ರೂಪ ಇದೆಂದು ಹೇಳಬಹುದು. ಆ ಕಟ್ಟೆಯ ಮೇಲೆ ಎಲ್ಲ ಜಾತಿಯವರಿಗೂ ಸಮನಾದ ಎಡೆಯಿರಲಿಲ್ಲ ಎಂಬುದೂ ಅಷ್ಟೇ ನಿಜವಾದುದರಿಂದ, ಉಳಿಸಬೇಕಾದದ್ದು ಆ ಏರ್ಪಾಡಿನ ಔದಾರ್ಯವನ್ನೇ ಹೊರತು ಅದರ ಕಟ್ಟಳೆಗಳನ್ನಲ್ಲ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯು ಮನೆಯೊಂದರ ಮಾಲೀಕನಿಗೆ ಮೆಟ್ಟಿಲು, ಅಂಗಳ ಮೊದಲಾದ ಸಾಮಾನ್ಯ ಭಾಗಗಳಲ್ಲಿ ಅವಿಭಜಿತ ಪಾಲು ಕೊಡುವುದರಿಂದ ಹಂಚಿಕೊಂಡು ಬಾಳುವ ಭಾವ ಅಲ್ಲಿಯೂ ಇದೆಯಾದರೂ, ಅದು ಕಾಂಪೌಂಡಿನ ಗೋಡೆಗೆ ಬಂದು ನಿಂತುಬಿಡುತ್ತದೆ. ಎತ್ತರದ ಗೋಡೆ, ಕಾವಲಿನ ಗೇಟು, ನೆಲಮಟ್ಟದಲ್ಲಿ ಬರೀ ವಾಹನಗಳ ನಿಲುಗಡೆ ಇರುವ ಹೊಸ ಕಟ್ಟಡವು ತಾನು ಕೆಡವಿದ ಮಣ್ಣಿನ ಮಾಳಿಗೆಗಿಂತ ಹೆಚ್ಚು ಸ್ಥಾವರ. ಬೀದಿಯ ಕಡೆಗೆ ಕಟ್ಟೆಯನ್ನು ಬಿಟ್ಟುಕೊಟ್ಟು, ನೆರೆಮನೆಯ ಗಾಳಿಬೆಳಕನ್ನು ಕಸಿಯದಂತೆ ಎತ್ತರವನ್ನು ತಗ್ಗಿಸಿ, ಅಲ್ಲಿದ್ದ ಬಾಡಿಗೆದಾರರಿಗೂ ಜಾಗ ಕಾದಿರಿಸುವ ಕಟ್ಟಡ ಹೊಸದಾಗಿದ್ದರೂ ಪರಂಪರೆಗೆ ಸೇರಿದ್ದು. ಇಂತಹ ಕಟ್ಟಡಗಳನ್ನು ತೂಗಬೇಕಾದದ್ದು ಅವುಗಳ ವಯಸ್ಸಿನಿಂದಲ್ಲ, ಅವು ಓಣಿಗೆ ಮರಳಿ ಕೊಡುವುದರಿಂದ.