ದೃಷ್ಟಿದೋಷ ಮತ್ತು ದೋಷದೃಷ್ಟಿ

ಮುಪ್ಪಿನೊಡನೆ ಬರುವ ಕಣ್ಣಿನ ವ್ಯಾಧಿಗಳಲ್ಲಿ ಪೊರೆಯನ್ನು ಎಲ್ಲರೂ ಬಲ್ಲರು. ಮಬ್ಬಾದ ಮಸೂರವನ್ನು ತೆಗೆದು ಹೊಸದನ್ನಿಟ್ಟರೆ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಆದರೆ ಕಣ್ಣಿನ ಹಿಂಬದಿಯ ಅಕ್ಷಿಪಟಲದ ನಡುವೆ ಮ್ಯಾಕ್ಯುಲಾ ಎಂಬ ಅತಿ ಚಿಕ್ಕ ಭಾಗವೊಂದಿದೆ. ಗ್ರಂಥವನ್ನು ಓದುವುದು, ಮುಖವನ್ನು ಗುರುತಿಸುವುದು, ಅಕ್ಕಿಯಲ್ಲಿನ ಹುಳುವನ್ನು ಕಾಣುವುದು ಇವೆಲ್ಲ ಅದರ ಕೆಲಸ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಆ ಭಾಗ ಸವೆಯುವ ರೋಗವನ್ನು ವೈದ್ಯರು ವಯೋಸಂಬಂಧಿ ಮ್ಯಾಕ್ಯುಲಾ ಕ್ಷಯ ಎನ್ನುತ್ತಾರೆ. ಇದರಲ್ಲಿ ಬದಿಯ ನೋಟ ಉಳಿದು, ನಡುವಿನ ನೋಟ ಅಳಿಯುತ್ತದೆ. ಬಸದಿಯ ದಾರಿ ಕಾಣುತ್ತದೆ, ಜಿನಬಿಂಬದ ಮುಖ ಕಾಣುವುದಿಲ್ಲ.

ಇಂತಹ ರೋಗಿಯ ಎದುರಿನಲ್ಲಿ ಜೈನ ಗೃಹಗಳಲ್ಲಿ ಸುಲಭವಾಗಿ ಹೊರಡುವ ಮಾತೊಂದುಂಟು: “ಏನು ಮಾಡುವುದು, ಹಿಂದೆ ಮಾಡಿದ ಕರ್ಮ.” ಕೇಳುವುದಕ್ಕೆ ಮಾತು ಶಾಸ್ತ್ರಸಮ್ಮತವೆನಿಸುತ್ತದೆ. ನಿಜಕ್ಕೂ ಅದು ಸಮ್ಮತವೇ ಎಂಬುದು ವಿಚಾರಣೀಯ.

ರೋಗಕ್ಕೆ ಕಾರಣವೇನೆಂದು ವಿಜ್ಞಾನವನ್ನು ಕೇಳಿದರೆ ಅದು ಒಂದೇ ಉತ್ತರ ಕೊಡುವುದಿಲ್ಲ. ವಯಸ್ಸು ಎಲ್ಲಕ್ಕಿಂತ ದೊಡ್ಡ ಕಾರಣ. ವಂಶವಾಹಿಗಳ ಪಾಲೂ ದೊಡ್ಡದು. ದೇಹದ ರಕ್ಷಣಾ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯಲ್ಲಿನ ಸಣ್ಣ ವ್ಯತ್ಯಾಸವು ಈ ರೋಗದ ಸಂಭವವನ್ನು ಹೆಚ್ಚಿಸುತ್ತದೆಂಬುದು 2005ರಲ್ಲಿ ತಿಳಿಯಿತು. 2016ರ ಹೊತ್ತಿಗೆ ವಂಶವಾಹಿನಿಯ 34 ನೆಲೆಗಳಲ್ಲಿ ಇಂತಹ 52 ವ್ಯತ್ಯಾಸಗಳು ಪತ್ತೆಯಾದವು. ಅಮೆರಿಕದಲ್ಲಿ ವೃದ್ಧ ಅವಳಿ ಸಹೋದರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವು, ರೋಗದ ತೀವ್ರತೆ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದರಲ್ಲಿ ವಂಶವಾಹಿಗಳ ಪಾಲು ಶೇಕಡಾ 46ರಿಂದ 71ರಷ್ಟು ಎಂದು ಅಂದಾಜು ಮಾಡಿತು. ಉಳಿದ ಪಾಲು ಪರಿಸರದ್ದು, ನಡೆವಳಿಕೆಯದ್ದು. ಅದರಲ್ಲಿ ಮುಖ್ಯವಾದುದು ಧೂಮಪಾನ. ಸೇದುವವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಸೇದುವುದನ್ನು ಬಿಟ್ಟರೆ ಅದು ಕ್ರಮೇಣ ಇಳಿಯುತ್ತದೆ.

ಇಲ್ಲಿ ವಂಶವಾಹಿಯನ್ನೇ ನಾಮಕರ್ಮವೆಂದು ಕರೆದು ಸಂತೋಷಪಡುವ ಅವಸರ ಬೇಡ. ಒಂದು ಪುದ್ಗಲದ ಸ್ಥೂಲ ರಚನೆ, ಇನ್ನೊಂದು ಅತಿ ಸೂಕ್ಷ್ಮ ಕಾರ್ಮಣ ವರ್ಗಣೆ. ಆದರೆ ಎರಡು ವಿಚಾರಗಳ ನಡೆಯಲ್ಲಿ ಹೋಲಿಕೆಯುಂಟು. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಉದಯಕ್ಕೆ ಬರುತ್ತದೆಂದು ಸಿದ್ಧಾಂತ ಹೇಳುತ್ತದೆ. ಅಪಕರ್ಷಣ, ಸಂಕ್ರಮಣ, ಉದೀರಣೆ ಎಂಬ ಕರಣಗಳು, ಕಟ್ಟಿದ ಕರ್ಮವೆಲ್ಲ ಕಟ್ಟಿದಂತೆಯೇ ಫಲಿಸಬೇಕೆಂದಿಲ್ಲ ಎಂಬುದಕ್ಕೆ ಸಾಕ್ಷಿ. ವ್ಯಾಪಾರಿಗೆ ಇದು ಹೊಸದಲ್ಲ. ಹಿಂದಿನ ವರ್ಷದ ಬಾಕಿ ಹೊಸ ಕಿರ್ದಿಯ ಮೊದಲ ಪುಟಕ್ಕೆ ಬಂದೇ ಬರುತ್ತದೆ. ಆದರೆ ವರ್ಷದ ಕೊನೆಯ ಲಾಭನಷ್ಟ ಅದೊಂದರಿಂದಲೇ ನಿಶ್ಚಯವಾಗುವುದಿಲ್ಲ.

ನಿಕಾಚಿತ ಕರ್ಮವಾದರೆ ಭೋಗಿಸಲೇಬೇಕಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಸರಿಯೇ. ಆದರೆ ಇನ್ನೊಬ್ಬರ ಕರ್ಮ ಯಾವ ಬಗೆಯದೆಂಬುದನ್ನು ತಿಳಿಯುವ ಶಕ್ತಿ ಛದ್ಮಸ್ಥನಿಗೆಲ್ಲಿದೆ? ಕೇವಲಜ್ಞಾನಿಗಷ್ಟೇ ಕಾಣುವುದನ್ನು ಪಡಸಾಲೆಯಲ್ಲಿ ಕುಳಿತು ನಿರ್ಣಯಿಸುವುದು ಶ್ರದ್ಧೆಯಲ್ಲ, ಅಹಂಕಾರ. ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ದೃಷ್ಟಿ ಕುಂದಿ, ಜೀವಗಳನ್ನು ಕಂಡು ನಡೆಯುವ ವ್ರತಕ್ಕೆ ಬಾಧೆ ಬಂದುದು ಅದಕ್ಕೆ ಕಾರಣವಾಗಿತ್ತು. ಅವರ ಕಣ್ಣಿನ ವ್ಯಾಧಿ ಯಾವುದೇ ಇರಲಿ, ಅದನ್ನು ಕಂಡು ಅವರನ್ನು ಪಾಪಿಯೆಂದು ಬಗೆದ ಶ್ರಾವಕನುಂಟೇ? ಮುನಿಗೆ ಸಲ್ಲಿಸುವ ಆ ವಿವೇಕ ಮನೆಯ ಮುದುಕರಿಗೂ ಸಲ್ಲಬೇಕಲ್ಲವೇ?

ಇನ್ನೂ ಒಂದು ಮಾತು. ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದನ್ನು ಎಣಿಸುತ್ತದೆ. ಹೀಗಿರುವಾಗ ನೊಂದವರಿಗೆ “ನಿನ್ನ ಪಾಪದ ಫಲ” ಎಂದು ಹೇಳಿದವನು ಅವರ ಕರ್ಮದ ಲೆಕ್ಕವನ್ನು ಬರೆಯಲಿಲ್ಲ. ತನ್ನ ಖಾತೆಗೆ ಹೊಸ ಸಾಲವನ್ನು ಬರೆದುಕೊಂಡ. ಕರ್ಮಸಿದ್ಧಾಂತ ಪ್ರತಿಯೊಬ್ಬನೂ ತನ್ನನ್ನು ನೋಡಿಕೊಳ್ಳಲು ಇರುವ ಕನ್ನಡಿ. ಸೇದಿ ಕಣ್ಣು ಕೆಡಿಸಿಕೊಂಡವನ ವಿಷಯದಲ್ಲಿಯೂ ಮಾತು ಇದೇ. ಬಿಡಲು ನೆರವಾಗುವುದು ಧರ್ಮ, ಹಂಗಿಸುವುದು ಧರ್ಮವಲ್ಲ.

ಈ ದೋಷದೃಷ್ಟಿಯಿಂದ ಆಗುವ ಹಾನಿ ಮಾತಿಗಷ್ಟೇ ನಿಲ್ಲುವುದಿಲ್ಲ. ಕಳಂಕದ ಭಯದಿಂದ, ಸಂಬಂಧ ಕುದುರಲಾರದೆಂಬ ಶಂಕೆಯಿಂದ ಕುಟುಂಬಗಳು ರೋಗವನ್ನು ಮುಚ್ಚಿಡುತ್ತವೆ. ಆಗ ಒಡಹುಟ್ಟಿದವರಿಗೂ ಮಕ್ಕಳಿಗೂ ಎಚ್ಚರಿಕೆ ದೊರೆಯದು. ರೋಗದ ಒಂದು ಬಗೆಯಲ್ಲಿ ಅಕ್ಷಿಪಟಲದಡಿ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ಕೆಲವೇ ವಾರಗಳಲ್ಲಿ ನೋಟ ಕೆಡಬಹುದು. ತಡಮಾಡದೆ ಹೋದರೆ ಕಣ್ಣೊಳಗೆ ನೀಡುವ ಚುಚ್ಚುಮದ್ದು ಬಹುಮಂದಿಯ ದೃಷ್ಟಿಯನ್ನು ಉಳಿಸುತ್ತದೆ. “ಕರ್ಮ” ಎಂದು ಕೈಕಟ್ಟಿ ಕುಳಿತರೆ ಆ ಅವಕಾಶ ಕಳೆದುಹೋಗುತ್ತದೆ.

ಆಹಾರದ ವಿಷಯದಲ್ಲಿ ಜೈನರು ವ್ರತಕ್ಕೂ ಕಣ್ಣಿಗೂ ವಿರೋಧವನ್ನು ಕಲ್ಪಿಸಬೇಕಾಗಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ವಿಟಮಿನ್ ಮತ್ತು ಸತುವಿನ ಮಾತ್ರೆಗಳಿಗೆ ಮೀನೆಣ್ಣೆಯಲ್ಲಿರುವ ಒಮೆಗಾ-3 ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಕಣ್ಣಿಗೆ ಬೇಕಾದ ಲ್ಯೂಟಿನ್ ಹಸಿರು ಸೊಪ್ಪುಗಳಲ್ಲಿದೆ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಟಿನ್ ಆಗಿದೆಯೇ ಎಂದು ವಿಚಾರಿಸಿ, ವೈದ್ಯರ ಸಲಹೆಯಂತೆ ಬೇರೆಯದನ್ನು ಆರಿಸಿಕೊಳ್ಳಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಚೌಕುಳಿ ಗೆರೆಗಳ ಆಮ್ಸ್ಲರ್ ಪಟವೊಂದನ್ನು ಸ್ವಾಧ್ಯಾಯದ ಕೋಣೆಯಲ್ಲಿ ತೂಗುಹಾಕಲು ಖರ್ಚು ಅತ್ಯಲ್ಪ. ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನೋಡುವಾಗ ಗೆರೆಗಳು ಡೊಂಕಾಗಿ ಕಂಡರೆ ಕೂಡಲೇ ನೇತ್ರವೈದ್ಯರ ಬಳಿಗೆ ಹೋಗಬೇಕು. ಶಿಬಿರಗಳಲ್ಲಿ ಪೊರೆಯೊಂದನ್ನೇ ಅಲ್ಲದೆ ಅಕ್ಷಿಪಟಲವನ್ನೂ ಪರೀಕ್ಷಿಸುವ ಏರ್ಪಾಡು ಮಾಡಿದರೆ ಅದು ಔಷಧದಾನ. ದೊಡ್ಡ ಅಕ್ಷರಗಳಲ್ಲಿ ಗ್ರಂಥಗಳನ್ನು ಮುದ್ರಿಸಿದರೆ ಅದು ಶಾಸ್ತ್ರದಾನ. ಓದಲಾರದ ಹಿರಿಯರಿಗೆ ದಿನಕ್ಕೆ ಅರ್ಧ ಗಂಟೆ ಓದಿ ಹೇಳುವ ಮೊಮ್ಮಗಳು ಮಾಡುವುದು ವೈಯಾವೃತ್ಯ. ಅದರಿಂದ ಹಿರಿಯರ ಸ್ವಾಧ್ಯಾಯ ನಿಲ್ಲುವುದಿಲ್ಲ, ಅವಳದು ಆರಂಭವಾಗುತ್ತದೆ.